ಮೋಟರ್ ಆಫ್ ಮಾಡಿ ಕೂತುಕೊಳ್ಳಿ: ಮೌನಪ್ರಾರ್ಥನೆ ಶುರು ಮಾಡುವವರಿಗೆ

ಮೊದಲ ಸಲ ಮೌನಪ್ರಾರ್ಥನೆಗೆ ಕೂತ ದಿನ ಫೋನಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟಿದ್ದೆ. ಕಣ್ಣು ಮುಚ್ಚಿ 4 ನಿಮಿಷ ಆಗಿರಬೇಕು, ಟ್ಯಾಂಕಿಗೆ ನೀರು ಹತ್ತಿಸಲು ಹಾಕಿದ್ದ ಮೋಟರ್ ಆಫ್ ಮಾಡಿಲ್ಲ ಅಂತ ನೆನಪಾಯಿತು. ಎದ್ದು ಓಡಿದೆ. ಅಷ್ಟರಲ್ಲಿ ತಾರಸಿಯ ನೀರು ಪಕ್ಕದ ಮನೆಯವರು ಒಣಗಲು ಹಾಕಿದ್ದ ಸಂಡಿಗೆ ಮೇಲೆ ಸುರಿಯುತ್ತಿತ್ತು. ಉಳಿದ 16 ನಿಮಿಷ ಅವರ ಹತ್ತಿರ ಕ್ಷಮೆ ಕೇಳುವುದರಲ್ಲೇ ಹೋಯಿತು.

ಇದನ್ನು ಮೊದಲೇ ಹೇಳುತ್ತಿರುವುದು ಯಾಕೆ ಅಂದರೆ, ಮೌನಪ್ರಾರ್ಥನೆ ಅಂದ ತಕ್ಷಣ ಜನ ಬೆಟ್ಟದ ಮೇಲಿನ ಮಠ, ಮೇಣದಬತ್ತಿ, ಕಣ್ಣು ಅರೆಮುಚ್ಚಿದ ಸಂತರನ್ನು ನೆನೆಸಿಕೊಳ್ಳುತ್ತಾರೆ. ನಮಗೆ ಸಿಗುವುದು ಮೋಟರು, ಹಾಲಿನವನು, ಕುಕ್ಕರ್ ಸೀಟಿ. ಇವುಗಳ ನಡುವೆಯೇ ಮಾಡಬೇಕು. ಮಾಡಬಹುದು.

ನಾನು ಬೆಳೆದ ಮನೆಯಲ್ಲಿ ಪ್ರಾರ್ಥನೆ ಅಂದರೆ ಬಾಯಿಬಿಟ್ಟು ಹೇಳುವುದು. ಸಂಜೆ ಜಪಸರ, ಆಮೇಲೆ ಕೋರಿಕೆಗಳು. ಅಣ್ಣನ ಕೆಲಸ, ಅತ್ತೆಯ ಮಂಡಿನೋವು, ಪರೀಕ್ಷೆ, ಮಳೆ. ಪಟ್ಟಿ ಮುಗಿದ ಮೇಲೆ ಆಮೆನ್ ಅಂದು ಏಳುತ್ತಿದ್ದೆವು. ಅದರಲ್ಲಿ ತಪ್ಪೇನೂ ಇಲ್ಲ, ಈಗಲೂ ಪಟ್ಟಿ ಹೇಳುತ್ತೇನೆ. ಆದರೆ ಒಂದು ಹಂತದಲ್ಲಿ ಅದು ರೇಷನ್ ಅಂಗಡಿಗೆ ಹೋಗಿ ಬಂದ ಹಾಗೆ ಅನ್ನಿಸತೊಡಗಿತು. ಕಾರ್ಡು ಕೊಟ್ಟೆ, ಅಕ್ಕಿ ತಂದೆ. ಅಂಗಡಿಯವನ ಮುಖವನ್ನು ಯಾರು ನೋಡುತ್ತಾರೆ?

ಮೌನಪ್ರಾರ್ಥನೆ ಅಂದರೆ ಆ ಮುಖದ ಎದುರು ಸ್ವಲ್ಪ ಹೊತ್ತು ಕೂರುವುದು, ಅಷ್ಟೇ. ಏನೂ ಕೇಳದೆ. ಭಕ್ತಿ ಉಕ್ಕಬೇಕು ಅಂತ ತಿಣುಕದೆ. ಬೈಬಲಿನಲ್ಲಿ, ರೋಮಿನವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಸಂತ ಪೌಲರು ಒಂದು ಮಾತು ಹೇಳುತ್ತಾರೆ: ಪವಿತ್ರಾತ್ಮನ ಮೂಲಕ ದೇವರ ಪ್ರೀತಿ ನಮ್ಮ ಹೃದಯಕ್ಕೆ ಸುರಿದಾಗಿದೆ ಅಂತ. ಸುರಿಯುತ್ತಾನೆ ಅಂತಲ್ಲ, ಸುರಿದಾಗಿದೆ. ಹಾಗಾದರೆ ನಮ್ಮ ಕೆಲಸ ಏನು? ಬೋರಲು ಹಾಕಿದ ಬಿಂದಿಗೆಯನ್ನು ನೆಟ್ಟಗೆ ಇಡುವುದು. ದೇವರನ್ನು ಜಾಸ್ತಿ ಪ್ರೀತಿಸಲು ನೋಡುವ ಪ್ರಾರ್ಥನೆ ಇದಲ್ಲ. ಆತನ ಪ್ರೀತಿಯನ್ನು ಬೇಡ ಅನ್ನದೆ ಕೂರುವ ಪ್ರಾರ್ಥನೆ. ನನ್ನ ಅನುಭವದಲ್ಲಿ ಎರಡನೆಯದೇ ಕಷ್ಟ.

ಹೆಜ್ಜೆ 1: ಜಾಗ, ಹೊತ್ತು, ಮೋಟರ್

ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೋ ಅಂತ ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ಅಲ್ಲಿ ಬಳಸಿರುವ ಗ್ರೀಕ್ ಪದಕ್ಕೆ ಉಗ್ರಾಣದ ಕೋಣೆ ಅನ್ನುವ ಅರ್ಥವೂ ಇದೆ. ನನಗೆ ಇದು ತುಂಬಾ ಇಷ್ಟ. ದೇವರ ಕೋಣೆ ಅಲ್ಲ, ಅಕ್ಕಿಮೂಟೆ ಇಡುವ ಕೋಣೆ. ನಾನು ಕೂರುವುದು ಮಂಚಕ್ಕೂ ಬೀರುವಿಗೂ ನಡುವಿನ ಮೂರಡಿ ಜಾಗದಲ್ಲಿ. ಎದುರಿಗೆ ಬೀರುವಿನ ಮೇಲೆ ಮಕ್ಕಳು ಅಂಟಿಸಿದ ಸ್ಟಿಕ್ಕರ್ ಇದೆ. ಕಣ್ಣು ಮುಚ್ಚಿದ ಮೇಲೆ ಅದು ಕಾಣುವುದಿಲ್ಲ.

ಬೆಳಗ್ಗೆ ಮನೆ ಏಳುವ ಮೊದಲು ಒಳ್ಳೆಯದು. ಸಂಜೆ ಆದರೆ ಊಟಕ್ಕೆ ಮುಂಚೆ. ಊಟ ಆದ ಮೇಲೆ ಕೂತರೆ ನಿದ್ದೆ ಗ್ಯಾರಂಟಿ, ಅದರಲ್ಲೂ ಮುದ್ದೆ ಉಂಡಿದ್ದರೆ. ಕೂರುವ ಮುಂಚೆ ಒಲೆ, ಹಾಲು, ಮೋಟರ್ ನೋಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅಲಾರಂ ಇಡಿ, ಮೆತ್ತಗಿನ ಸದ್ದಿನದು. ಮನೆಯವರಿಗೆ ಒಂದು ಮಾತು ಹೇಳಿ. ಹೇಳದೆ ಬಾಗಿಲು ಹಾಕಿಕೊಂಡರೆ ಯಾರೋ ಗಾಬರಿಯಾಗಿ ತಟ್ಟುತ್ತಾರೆ.

ಕುರ್ಚಿಯಲ್ಲಿ ಕೂತರೂ ಆಗುತ್ತದೆ, ಚಾಪೆಯ ಮೇಲಾದರೂ ಸರಿ. ಬೆನ್ನು ನೇರ ಇರಲಿ, ಬಿಗಿಯಾಗಿ ಅಲ್ಲ. ಪದ್ಮಾಸನ ಬೇಕಿಲ್ಲ. ಮಂಡಿನೋವು ಇದ್ದವರು ದಯವಿಟ್ಟು ನೆಲದ ಹಟ ಬಿಡಿ.

ಶುರುವಿನಲ್ಲಿ 5 ನಿಮಿಷ ಸಾಕು. ನಾನು 20ಕ್ಕೆ ಹಾರಿ ಬಿದ್ದವನು. ಎರಡು ವಾರ 5 ನಿಮಿಷ, ಆಮೇಲೆ 10. ಈ ದಾರಿಯಲ್ಲಿ ಹಳಬರಾದವರು ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 20 ನಿಮಿಷ ಅನ್ನುತ್ತಾರೆ. ಅಲ್ಲಿಗೆ ತಲುಪಲು ನನಗೆ ವರ್ಷ ಹಿಡಿಯಿತು.

ಹೆಜ್ಜೆ 2: ಒಂದು ವಾಕ್ಯ ಹೇಳಿ ಶುರು ಮಾಡಿ

ಶಿಲುಬೆ ಗುರುತು ಹಾಕಿಕೊಳ್ಳಿ. ನಿಧಾನವಾಗಿ ಮೂರ್ನಾಲ್ಕು ಸಲ ಉಸಿರಾಡಿ. ಆಮೇಲೆ ನಿಮ್ಮ ಮಾತಿನಲ್ಲೇ ಒಂದು ಸಾಲು. ನಾನು ಹೇಳುವುದು ಹೀಗೆ: "ಸ್ವಾಮಿ, ನಾನು ಇಲ್ಲಿದ್ದೇನೆ, ನೀನೂ ಇಲ್ಲಿದ್ದೀಯ. ನೀನು ನನ್ನೊಳಗೆ ಏನು ಮಾಡಬೇಕೋ ಮಾಡು." ಇಷ್ಟೇ.

ಕೆಲವು ದಿನ ಅದಕ್ಕೂ ಮುಂಚೆ ಬೈಬಲಿನ 131ನೇ ಕೀರ್ತನೆ ಓದುತ್ತೇನೆ. ಬರೀ 3 ವಚನ. ಮೊಲೆ ಬಿಟ್ಟ ಮಗು ತಾಯಿಯ ಹತ್ತಿರ ಇರುವ ಹಾಗೆ ನನ್ನ ಮನಸ್ಸು ಸುಮ್ಮನಾಗಿದೆ ಅನ್ನುತ್ತಾನೆ ಕೀರ್ತನೆಗಾರ. ಮೊದಲು ಓದಿದಾಗ ಇಲ್ಲೇನೋ ತಪ್ಪಿದೆ ಅನ್ನಿಸಿತು. ಹಾಲು ಕುಡಿಯುವ ಮಗು ಅನ್ನಬೇಕಿತ್ತಲ್ವಾ? ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡವರಿಗೆ ಗೊತ್ತು: ತಾಯಿಯ ಮೈ ವಾಸನೆ ಬಂದರೆ ಸಾಕು, ತಡಕಾಡುತ್ತದೆ, ಸೆರಗು ಎಳೆಯುತ್ತದೆ, ಸಿಗದಿದ್ದರೆ ಅಳುತ್ತದೆ. ಮೊಲೆ ಬಿಟ್ಟ ಮಗು ಹಾಗಲ್ಲ. ಅದಕ್ಕೆ ತಾಯಿಯಿಂದ ಏನೂ ಬೇಕಾಗಿಲ್ಲ, ತಾಯಿ ಬೇಕು. ಮಡಿಲಲ್ಲಿ ತಲೆಯಿಟ್ಟು ಅವಳ ಬಳೆ ತಿರುಗಿಸುತ್ತಾ ಬಿದ್ದಿರುತ್ತದೆ. ಮೌನಪ್ರಾರ್ಥನೆಯ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಹೆಜ್ಜೆ 3: ಒಂದು ಪದ ಆರಿಸಿಕೊಳ್ಳಿ

ಖಾಲಿ ಮನಸ್ಸಿನಲ್ಲಿ ಕೂರಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ಹಿಡಿದುಕೊಳ್ಳಲು ಒಂದು ಸಣ್ಣ ಪದ ಬೇಕು. ಬಾವಿಗೆ ಇಳಿಯುವವನಿಗೆ ಹಗ್ಗ ಇದ್ದ ಹಾಗೆ.

ಇದು ಹೊಸ ಉಪಾಯ ಅಲ್ಲ. ಈಜಿಪ್ಟಿನ ಮರಳುಗಾಡಿನಲ್ಲಿ ಬದುಕಿದ ಸಂನ್ಯಾಸಿಗಳ ಹತ್ತಿರ ಕಲಿತ ಜಾನ್ ಕ್ಯಾಸಿಯನ್, 5ನೇ ಶತಮಾನದಲ್ಲಿ, 70ನೇ ಕೀರ್ತನೆಯ ಮೊದಲ ಸಾಲನ್ನೇ ಹಗಲೂ ರಾತ್ರಿ ಮನಸ್ಸಿನಲ್ಲಿ ಹೇಳಿಕೊಳ್ಳಿ ಅಂತ ಬರೆದರು. ದೇವರೇ, ನನ್ನ ನೆರವಿಗೆ ಬಾ ಅನ್ನುವ ಸಾಲು. 14ನೇ ಶತಮಾನದಲ್ಲಿ ಇಂಗ್ಲೆಂಡಿನ ಒಬ್ಬರು, ಹೆಸರು ಹಾಕದೆ ಬರೆದವರು, ಪದ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು ಅಂದರು. 1970ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪೆನ್ಸರ್ ಎಂಬಲ್ಲಿದ್ದ ಟ್ರಾಪಿಸ್ಟ್ ಮಠದ ವಿಲಿಯಂ ಮೆನಿಂಗರ್, ಬೇಸಿಲ್ ಪೆನ್ನಿಂಗ್ಟನ್, ಥಾಮಸ್ ಕೀಟಿಂಗ್ ಎಂಬ ಮೂವರು ಸಂನ್ಯಾಸಿಗಳು ಆ ಹಳೆಯ ಬರಹವನ್ನೇ ಆಧಾರ ಮಾಡಿಕೊಂಡು ಸಾಮಾನ್ಯ ಜನರಿಗೆ ಈ ಪ್ರಾರ್ಥನೆ ಕಲಿಸಲು ಶುರು ಮಾಡಿದರು. ಅದನ್ನೇ ಈಗ ಸೆಂಟರಿಂಗ್ ಪ್ರೇಯರ್ ಅನ್ನುತ್ತಾರೆ.

ಇಂಥದ್ದೇ ಪ್ರಾರ್ಥನೆ ಕಲಿಸಿದ ಜಾನ್ ಮೇನ್ ಅವರ ಕಥೆ ಇನ್ನೂ ಸ್ವಾರಸ್ಯ. 1950ರ ದಶಕದಲ್ಲಿ ಮಲಯಾದಲ್ಲಿ ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿದ್ದ ಈ ಕ್ಯಾಥೋಲಿಕ್ ಯುವಕನಿಗೆ ಸುಮ್ಮನೆ ಕೂತು ಒಂದು ಪದ ಜಪಿಸುವುದನ್ನು ಹೇಳಿಕೊಟ್ಟವರು ಸ್ವಾಮಿ ಸತ್ಯಾನಂದ ಎಂಬ ಹಿಂದೂ ಸಂನ್ಯಾಸಿ. ನಿನ್ನ ಕ್ರೈಸ್ತ ವಿಶ್ವಾಸದ ಪದವನ್ನೇ ತಗೋ ಅಂದರಂತೆ. ಮುಂದೆ ಮೇನ್ ಬೆನೆಡಿಕ್ಟೈನ್ ಮಠ ಸೇರಿದಾಗ ಅಲ್ಲಿ ಅದನ್ನು ಬಿಡಿಸಿದರು. ಇವರೂ ಬಿಟ್ಟರು. ಎಷ್ಟೋ ವರ್ಷದ ಮೇಲೆ ಕ್ಯಾಸಿಯನ್ ಓದುವಾಗ ಅರೆ, ಇದು ನಮ್ಮಲ್ಲೇ ಇತ್ತಲ್ಲ ಅಂತ ಹೊಳೆಯಿತು. ಪಕ್ಕದ ಮನೆಯವರು ತೋರಿಸಿದ ಮೇಲೆ ನಮ್ಮ ಅಟ್ಟದಲ್ಲೇ ಇದ್ದ ಪಾತ್ರೆ ಕಂಡ ಹಾಗೆ. ಮೇನ್ ಕಲಿಸಿದ ಪದ ಮಾರನಾಥಾ. ಅರಾಮಿಕ್ ಭಾಷೆಯಲ್ಲಿ ನಮ್ಮ ಪ್ರಭುವೇ ಬಾ ಅಂತ ಅರ್ಥ, ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿದೆ. ಕನ್ನಡದ ಕಿವಿಗೆ ಅದರಲ್ಲಿ ನಾಥ ಅಂತಲೂ ಕೇಳಿಸುತ್ತದೆ. ಕಾಕತಾಳೀಯ ಅಷ್ಟೇ, ಆದರೂ ಖುಷಿ.

ನನ್ನ ಪದ ಅಪ್ಪಾ. ಗೆತ್ಸೆಮನೆ ತೋಟದಲ್ಲಿ ಯೇಸು ತಂದೆಯನ್ನು ಕರೆದದ್ದು ಅಬ್ಬಾ ಅಂತ. ಅವರ ಅಬ್ಬಾಕ್ಕೂ ನಮ್ಮ ಅಪ್ಪಾಕ್ಕೂ ಎಷ್ಟು ದೂರ? ನಾವು ಅಬ್ಬಾ ಅನ್ನುವುದು ಭಾರ ಇಳಿಸಿ ಉಸ್ಸೆಂದಾಗ. ಅದೂ ಒಂದು ಪ್ರಾರ್ಥನೆಯೇ ಅನ್ನಿ. ಆದರೆ ಎಲ್ಲರಿಗೂ ಅಪ್ಪ ಅನ್ನುವ ಪದ ಹಿತ ಅಲ್ಲ. ಕುಡಿದು ಬಂದು ಹೊಡೆಯುತ್ತಿದ್ದ ಅಪ್ಪನ ಮನೆಯಲ್ಲಿ ಬೆಳೆದವರಿಗೆ ಅದು ಮೈ ಜುಮ್ಮೆನಿಸಬಹುದು. ಅಂಥವರು ಯೇಸು, ಸ್ವಾಮಿ, ಬಾ, ಕರುಣೆ, ಯಾವುದಾದರೂ ತಗೊಳ್ಳಿ. ಒಂದೇ ನಿಯಮ: ದಿನಕ್ಕೊಂದು ಬದಲಾಯಿಸಬೇಡಿ.

ಪದವನ್ನು ಬಳಸುವುದರಲ್ಲಿ ಎರಡು ರೀತಿ ಇವೆ. ಮೇನ್ ಹೇಳುವುದು, ಶುರುವಿನಿಂದ ಕೊನೆಯವರೆಗೂ ಬಿಡದೆ ಹೇಳುತ್ತಿರು ಅಂತ. ಕೀಟಿಂಗ್ ಹೇಳುವುದು, ಮನಸ್ಸು ಎಲ್ಲಿಗೋ ಹೋದಾಗ ಮಾತ್ರ ಮೆಲ್ಲಗೆ ಹೇಳಿ ವಾಪಸ್ ಬಾ ಅಂತ. ಎರಡನ್ನೂ ಕಲಸಬೇಡಿ. ಚಂಚಲ ಜಾಸ್ತಿ ಇರುವವರಿಗೆ ಮೊದಲನೆಯದು ಸುಲಭ. ನನಗೆ ಎರಡನೆಯದು ಒಗ್ಗಿತು.

ಹೆಜ್ಜೆ 4: ಯೋಚನೆ ಬರುತ್ತವೆ, ಬರಲಿ

ಬಹಳ ಜನ ಇಲ್ಲಿಯೇ ಬಿಟ್ಟುಬಿಡುತ್ತಾರೆ. "ನನ್ನ ಮನಸ್ಸು ನಿಲ್ಲುವುದೇ ಇಲ್ಲ, ಇದು ನನಗಲ್ಲ." ನಾನೂ ಹಾಗೇ ಅಂದಿದ್ದೆ.

ಕೀಟಿಂಗ್ ಅವರ ಶಿಬಿರದ ಒಂದು ಪ್ರಸಂಗವನ್ನು ಈ ದಾರಿಯವರು ಹೇಳುತ್ತಿರುತ್ತಾರೆ. ಒಬ್ಬ ಸಿಸ್ಟರ್ ಬಂದು, 20 ನಿಮಿಷದಲ್ಲಿ ನನಗೆ ಹತ್ತು ಸಾವಿರ ಯೋಚನೆ ಬಂದವು ಫಾದರ್, ನನ್ನ ಕೈಲಾಗುವುದಿಲ್ಲ ಅಂದರಂತೆ. ಅವರು ನಕ್ಕು, ಎಷ್ಟು ಚೆನ್ನಾಗಿದೆ, ದೇವರ ಹತ್ತಿರ ವಾಪಸ್ ಬರಲು ಹತ್ತು ಸಾವಿರ ಅವಕಾಶ ಅಂದರಂತೆ.

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಪ್ರಾರ್ಥನೆ ನಡೆಯುವುದೇ ಹೀಗೆ. ಯೋಚನೆ ಇಲ್ಲದಿರುವುದು ಪ್ರಾರ್ಥನೆಯಲ್ಲ. ವಾಪಸ್ ಬರುವುದೇ ಪ್ರಾರ್ಥನೆ. ಪ್ರತಿ ಸಲ ವಾಪಸ್ ಬಂದಾಗಲೂ ನೀವು ದೇವರಿಗೆ ಹೂಂ ಅಂದ ಹಾಗೆ.

ವಾಪಸ್ ಬರುವ ರೀತಿ ಮುಖ್ಯ. ಛೇ, ಮತ್ತೆ ಹೋಯಿತಲ್ಲ ಅಂತ ಬೈದುಕೊಂಡರೆ ಆ ಬೈಗುಳವೇ ಇನ್ನೊಂದು ಯೋಚನೆ. ಯೋಚನೆಯನ್ನು ಒದ್ದು ಓಡಿಸಬೇಡಿ, ಕೂರಿಸಿ ಕಾಫಿಯೂ ಕೊಡಬೇಡಿ. ಅದರ ಪಾಡಿಗೆ ಅದನ್ನು ಬಿಟ್ಟು, ಹತ್ತಿಯ ಮೇಲೆ ಹತ್ತಿ ಇಟ್ಟಷ್ಟು ಮೆತ್ತಗೆ ನಿಮ್ಮ ಪದವನ್ನು ನೆನೆಸಿಕೊಳ್ಳಿ.

ಮೋಸ ಮಾಡುವುದು ಒಳ್ಳೆಯ ಯೋಚನೆಗಳು. ಭಾನುವಾರದ ಪೂಜೆಯಲ್ಲಿ ಕೇಳಿದ ಪ್ರಸಂಗದ ಅರ್ಥ ಥಟ್ಟನೆ ಹೊಳೆಯುತ್ತದೆ. ಯಾರಿಗೋ ಸಹಾಯ ಮಾಡುವ ಉಪಾಯ ಬರುತ್ತದೆ. ಇದು ಪವಿತ್ರಾತ್ಮನೇ ಕೊಟ್ಟದ್ದು ಅಂತ ಬೆನ್ನು ಹತ್ತುತ್ತೇವೆ. ಬೇಡ. ನಿಜವಾಗಿ ದೇವರದ್ದಾದರೆ 20 ನಿಮಿಷ ಆದ ಮೇಲೂ ಇರುತ್ತದೆ. ಇದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯಿತು, ಯಾಕೆಂದರೆ ನಾನು ಬರೆಯುವವನು, ಒಳ್ಳೆಯ ಸಾಲು ಬಂದರೆ ಬಿಡಲು ಜೀವ ಒಪ್ಪುವುದಿಲ್ಲ.

ನಿದ್ದೆ ಬಂದರೆ? ಬರಲಿ. ಎಚ್ಚರವಾದಾಗ ಪದಕ್ಕೆ ವಾಪಸ್ ಬನ್ನಿ. ದಿನಾ ಬರುತ್ತಿದ್ದರೆ ನಿಮಗೆ ಬೇಕಿರುವುದು ಪ್ರಾರ್ಥನೆಯ ಪಾಠ ಅಲ್ಲ, ನಿದ್ದೆ.

ಹೆಜ್ಜೆ 5: ಏನೂ ಆಗದ ದಿನಗಳು

ಮೊದಲ ಒಂದೆರಡು ವಾರ ಏನೋ ಹಿತ ಅನ್ನಿಸಬಹುದು. ಎದೆ ಹಗುರ, ಕಣ್ಣಲ್ಲಿ ನೀರು. ಆಮೇಲೆ ಒಣಗುತ್ತದೆ. ಗೋಡೆಯ ಎದುರು ಕೂತ ಹಾಗೆ.

ಸ್ಪೇನಿನ ಆವಿಲಾದ ಸಂತ ತೆರೇಸಾ (1515–1582) ಪ್ರಾರ್ಥನೆಯ ವಿಷಯದಲ್ಲಿ ಗುರುವಿನಂತಿದ್ದವರು. ಅವರೇ ತಮ್ಮ ಜೀವನಕಥೆಯಲ್ಲಿ ಒಪ್ಪಿಕೊಂಡಿದ್ದಾರೆ: ಎಷ್ಟೋ ವರ್ಷ ಪ್ರಾರ್ಥನೆಗೆ ಕೂತಾಗ ಗಂಟೆ ಯಾವಾಗ ಹೊಡೆಯುತ್ತದೋ ಅಂತ ಕಿವಿಗೊಟ್ಟು ಕಾಯುತ್ತಿದ್ದೆ ಅಂತ. ಅಲಾರಂ ಯಾಕೆ ಇನ್ನೂ ಹೊಡೆದಿಲ್ಲ ಅಂತ ನಾನು ಒಂದು ಕಣ್ಣು ತೆರೆದು ನೋಡುವಾಗೆಲ್ಲ ಆ ತಾಯಿಯ ನೆನಪಾಗುತ್ತದೆ.

ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸಿದ್ದೂ ಅವರೇ. ನಾಲ್ಕು ಬಗೆ. ಬಾವಿಯಿಂದ ಕೊಡ ಕೊಡವಾಗಿ ಸೇದುವುದು, ರಟ್ಟೆ ನೋಯುತ್ತದೆ, ಬರುವ ನೀರು ಸ್ವಲ್ಪ. ಚಕ್ರ ಕಟ್ಟಿ ಎತ್ತುವುದು, ನಮ್ಮ ಕಪಿಲೆ ಬಾವಿ ಇದ್ದ ಹಾಗೆ, ಶ್ರಮ ಕಡಿಮೆ. ಹೊಳೆಯಿಂದ ಕಾಲುವೆ ತಿರುಗಿಸುವುದು. ಕೊನೆಯದು ಮಳೆ, ಅದರಲ್ಲಿ ನಮ್ಮದೇನೂ ಇಲ್ಲ. ಮಳೆಯನ್ನು ನಾವು ತರಿಸಲಾರೆವು ಅಂತ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಹದ ಮಾಡಿ ಕಾಯುವುದಷ್ಟೇ. ಕೆಲವು ದಿನ ಬಾವಿಗೆ ಕೊಡ ಬಿಟ್ಟರೆ ನೀರೇ ಸಿಗುವುದಿಲ್ಲ, ಬರೀ ಕೆಸರು. ಆ ದಿನವೂ ಬಾವಿಗೆ ಹೋದೆ ಅಲ್ವಾ, ತೋಟದ ಯಜಮಾನನಿಗೆ ಅದು ಗೊತ್ತು ಅನ್ನುತ್ತಾರೆ ತೆರೇಸಾ.

ಮನೆಯಲ್ಲಿ ತೀರಾ ಆಗದಿದ್ದರೆ ಹತ್ತಿರದ ದೇವಾಲಯದ ಆರಾಧನಾ ಕೋಣೆಗೆ ಹೋಗಿ ಪರಮಪ್ರಸಾದದ ಎದುರು, ಅಂದರೆ ಯೇಸುವೇ ಇದ್ದಾರೆ ಅಂತ ನಾವು ನಂಬುವ ಪವಿತ್ರ ರೊಟ್ಟಿಯ ಎದುರು, ಕೂರಿ. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯಲ್ಲಿ ಗುರುಗಳಾಗಿದ್ದ ಸಂತ ಜಾನ್ ಮರಿಯ ವಿಯಾನ್ನಿಯವರ ದೇವಾಲಯದಲ್ಲಿ ಒಬ್ಬ ರೈತ ಹೀಗೇ ಗಂಟೆಗಟ್ಟಲೆ ಕೂರುತ್ತಿದ್ದನಂತೆ. ಏನು ಹೇಳುತ್ತೀಯಪ್ಪಾ ಅಂತ ಕೇಳಿದರೆ, ಏನೂ ಇಲ್ಲ ಸ್ವಾಮಿ, ನಾನು ಅವರನ್ನು ನೋಡುತ್ತೇನೆ, ಅವರು ನನ್ನನ್ನು ನೋಡುತ್ತಾರೆ ಅಂದನಂತೆ.

ಹಳೆಯ ನೋವು ಮೇಲೆ ಬಂದರೆ

ಇದನ್ನು ಹೆಜ್ಜೆ ಅನ್ನಲಾಗುವುದಿಲ್ಲ, ಆದರೆ ಹೇಳಲೇಬೇಕು. ಸದ್ದು ನಿಂತ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತದೆ. ಹಾಗೇ ಕೆಲವು ತಿಂಗಳಾದ ಮೇಲೆ ಮರೆತೇಹೋಗಿದ್ದ ಸಂಗತಿಗಳು ಬರಬಹುದು. ನನಗೆ ತೀರಿಹೋದ ತಮ್ಮನ ಮೇಲಿನ ಸಿಟ್ಟು ಬಂತು. ದುಃಖ ಅಲ್ಲ, ಸಿಟ್ಟು. ಅಳು ಬಂದರೆ ಅತ್ತುಬಿಡಿ, ಕಾರಣ ಹುಡುಕುತ್ತಾ ಕೂರಬೇಡಿ. ದೇವರ ಪ್ರೀತಿ ಒಳಗೆ ಬಂದಾಗ ನಾವು ಗುಡಿಸಿಟ್ಟ ನಡುಮನೆಗೆ ಮಾತ್ರ ಬರುವುದಿಲ್ಲ, ಹಿತ್ತಿಲಿಗೂ ಬರುತ್ತದೆ.

ಆದರೆ ಕೂತಾಗಲೆಲ್ಲ ಭಯ ಒತ್ತರಿಸಿ ಬರುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಮೌನ ನಿಲ್ಲಿಸಿ. ಮನೋವೈದ್ಯರನ್ನು ನೋಡಿ. ಪ್ರಾರ್ಥನೆ ಜಾಸ್ತಿ ಮಾಡು, ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಮಾತ್ರೆ ತಗೊಳ್ಳುತ್ತಲೇ ಪ್ರಾರ್ಥನೆ ಮಾಡಬಹುದು, ಜಪಸರ ಹಿಡಿದು, ಬಾಯಿಬಿಟ್ಟು.

ಇದು ನಮ್ಮದೇನಾ?

ಈ ಪ್ರಶ್ನೆ ಬಂದೇ ಬರುತ್ತದೆ. ಕಣ್ಣು ಮುಚ್ಚಿ ಪದ ಜಪಿಸುವುದು ಕ್ರೈಸ್ತರದ್ದಾ ಅಂತ. 1989ರಲ್ಲಿ ವ್ಯಾಟಿಕನ್ನಿನ ವಿಶ್ವಾಸಬೋಧನೆಯ ಕಚೇರಿ ಧ್ಯಾನದ ಬಗ್ಗೆ ಒಂದು ಪತ್ರ ಹೊರಡಿಸಿತು. ಬೇರೆ ಧರ್ಮಗಳ ಪದ್ಧತಿಯಲ್ಲಿ ಒಳ್ಳೆಯದನ್ನು ತಗೊಳ್ಳಬಹುದು, ಆದರೆ ಪ್ರಾರ್ಥನೆ ಬರೀ ತಂತ್ರ ಆಗಬಾರದು, ಮೈಗೆ ಹಿತವಾದದ್ದನ್ನೆಲ್ಲ ಪವಿತ್ರಾತ್ಮನ ಕೆಲಸ ಅಂದುಕೊಳ್ಳಬಾರದು ಅನ್ನುವುದು ಅದರ ಸಾರ. ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ನಾವು ಕೂರುವುದು ಶೂನ್ಯದ ಎದುರಲ್ಲ, ಒಬ್ಬನ ಎದುರು. ಬೆಳಗ್ಗೆ ಯೇಸುವಿನ ಮಾತು ಓದದೆ, ಪೂಜೆಗೆ ಹೋಗದೆ, ಬರೀ ಮೌನ ಹಿಡಿದರೆ ಎದುರಿಗೆ ಯಾರಿದ್ದಾರೆ ಅನ್ನುವುದೇ ಮರೆತುಹೋದೀತು.

ನಮ್ಮ ನೆಲಕ್ಕೂ ಇದು ಹೊಸದಲ್ಲ. ಇಂಗ್ಲೆಂಡಿನ ಬೆನೆಡಿಕ್ಟೈನ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ, ತಮಿಳುನಾಡಿನ ಶಾಂತಿವನ ಆಶ್ರಮಕ್ಕೆ ಹೋದದ್ದು ಆಮೇಲೆ. ಮೈಸೂರಿನಲ್ಲಿ ಫಾದರ್ ಅಮಲೋರ್ಪವದಾಸ್ ಕಟ್ಟಿದ ಅಂಜಲಿ ಆಶ್ರಮ ಇದೆ. ಒಬ್ಬರೇ ಕೂತು ಸಾಕಾದವರು ಇಂಥ ಕಡೆ ಕೆಲವು ದಿನ ಇದ್ದು ಬಂದರೆ ಒಳ್ಳೆಯದು. ಅದೂ ಆಗದಿದ್ದರೆ ಧರ್ಮಕೇಂದ್ರದಲ್ಲಿ ಮೂರು ಜನ ಸೇರಿ ವಾರಕ್ಕೊಮ್ಮೆ ಕೂರಿ. ಪಕ್ಕದಲ್ಲಿ ಒಬ್ಬರು ಕದಲದೆ ಕೂತಿದ್ದರೆ ನಾಚಿಕೆಗಾದರೂ ನಾವು ಏಳುವುದಿಲ್ಲ.

ಹೆಜ್ಜೆ 6: ಏಳುವುದು

ಅಲಾರಂ ಹೊಡೆದ ತಕ್ಷಣ ಎದ್ದು ಓಡಬೇಡಿ. ಪದ ಬಿಡಿ, ಕಣ್ಣು ಮುಚ್ಚಿಕೊಂಡೇ ಒಂದೆರಡು ನಿಮಿಷ ಇರಿ. ಆಮೇಲೆ ಪರಲೋಕದಲ್ಲಿರುವ ನಮ್ಮ ತಂದೆಯೇ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ, ದಿನಾ ಹೇಳುವ ವೇಗದ ಅರ್ಧಕ್ಕೆ ಇಳಿಸಿ. ನಾನು ಒಂದೊಂದು ದಿನ ತಂದೆಯೇ ಅನ್ನುವಲ್ಲೇ ನಿಂತುಬಿಡುತ್ತೇನೆ.

ಇವತ್ತು ಚೆನ್ನಾಗಿ ಆಯಿತಾ ಅಂತ ಮಾರ್ಕ್ಸ್ ಹಾಕಿಕೊಳ್ಳಬೇಡಿ. ಅದು ಅಲ್ಲಿ ಗೊತ್ತಾಗುವುದಿಲ್ಲ. ಅಡುಗೆಮನೆಯಲ್ಲಿ, ಸಿಗ್ನಲ್ಲಿನಲ್ಲಿ, ಆಫೀಸಿನಲ್ಲಿ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ಹೀಗೆ: ಒಂದು ಸಂಜೆ ಮಗ ಹೊಸ ಲ್ಯಾಪ್‌ಟಾಪಿನ ಮೇಲೆ ಹಾರ್ಲಿಕ್ಸ್ ಚೆಲ್ಲಿದ. ಬಾಯಿ ತೆರೆದೆ. ಬೈಗುಳಕ್ಕೂ ಬಾಯಿಗೂ ನಡುವೆ ಒಂದು ಸಣ್ಣ ಜಾಗ ಕಂಡಿತು, ಮುಂಚೆ ಇರಲಿಲ್ಲ ಅದು. ಆ ಜಾಗದಲ್ಲಿ ಅವನ ಹೆದರಿದ ಮುಖ ಕಂಡಿತು. ಬಟ್ಟೆ ತಗೊಂಡು ಬಾ ಅಂದೆ. ಮಾರನೆ ದಿನ ಬೇರೆ ವಿಷಯಕ್ಕೆ ಬೈದೆ, ಅದು ಬೇರೆ ಮಾತು.

ಒಂದು ವಾರ, ಒಂದು ತಿಂಗಳು ಬಿಟ್ಟುಹೋದರೆ? ಹೋಗುತ್ತದೆ. ಹಬ್ಬ, ನೆಂಟರು, ಜ್ವರ, ಸೋಮಾರಿತನ. ಬಿಟ್ಟ ದಿನಗಳ ಬಾಕಿ ತೀರಿಸಲು ಒಂದೇ ಸಲ ಒಂದು ಗಂಟೆ ಕೂರಬೇಡಿ, ಮತ್ತೆ ಬಿಟ್ಟುಹೋಗುತ್ತದೆ. ಇವತ್ತು ಸಂಜೆ 5 ನಿಮಿಷ ಕೂರಿ. ಕೂರುವ ಮುಂಚೆ ಮೋಟರ್ ನೋಡಿ.